ಮೊಗ್ಗಿನ ಮೇಲಿನ ವಿಭೂತಿ

ಇಟ್ಟಮಡುವಿನಲ್ಲಿ ನನ್ನದೊಂದು ತ್ರೀಡಿ ಪ್ರಿಂಟಿಂಗ್ ಅಂಗಡಿ. ನಿಮ್ಮನ್ನು ನಂಬಿಸುವ ಹಟ ನನಗಿಲ್ಲ, ಕಂಡದ್ದನ್ನು ಹೇಳುತ್ತೇನೆ.

ಗಣಿತ ಓದುವ ಸಿರಿ ಎಂಬ ಹುಡುಗಿ ತಾನು ಹೋದ ವರ್ಷವೇ ಮಾಡಿಟ್ಟಿದ್ದ ಫೈಲೊಂದನ್ನು ಪ್ರಿಂಟ್ ಮಾಡಲು ಕೊಟ್ಟಳು. ಒಂದೇ ಸೂತ್ರದ ಉತ್ತರವನ್ನು ಮತ್ತೆ ಮತ್ತೆ ಅದಕ್ಕೇ ಉಣಿಸಿದಾಗ ಹುಟ್ಟುವ ಗುಂಡನೆಯ ಆಕಾರ ಅದು: ಮೈತುಂಬ ಮೊಗ್ಗು, ಮೊಗ್ಗಿನ ಮೇಲೆ ಮೊಗ್ಗು, ಕೊನೆಯೇ ಇಲ್ಲ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಮಾಡಿ ಮೇಜಿನ ಮೇಲಿಟ್ಟಿದ್ದೆ. ಊಟ ತಂದ ಅಮ್ಮ ಲಿಂಗವೆಂದೇ ತಿಳಿದು ಮೂರು ಬೆರಳಲ್ಲಿ ವಿಭೂತಿ ಎಳೆದರು. ಬೆಳಿಗ್ಗೆ ಈಳಿಗೆಮಣೆ ತಾಗಿದ್ದ ಉಂಗುರಬೆರಳು ಉರಿದು ಅದನ್ನು ಎತ್ತಿದ್ದರಿಂದ ಕೆಳಗಿನ ಗೆರೆ ಅರ್ಧಕ್ಕೇ ನಿಂತಿತು.

“ಅಯ್ಯೋ ಅಮ್ಮಾ, ಇದು ಕಸ್ಟಮರ್‌ದು!” ಎನ್ನುತ್ತಾ ಒರೆಸಿದೆ. ಆಗತಾನೇ ಮೆಷಿನ್ನಿನಿಂದ ತೆಗೆದದ್ದು ಬಿಸಿಯಿರಬೇಕಿತ್ತು; ಕೈ ಕೊರೆಯುವಷ್ಟು ತಣ್ಣಗಿತ್ತು. ಒರೆಸಿದರೂ ಬಿಳುಪು ಉಳಿದಂತೆ ಕಂಡು ಭೂತಗನ್ನಡಿ ಹಿಡಿದೆ. ಪ್ರತಿ ಮೊಗ್ಗಿಗೂ ಮೂರು ಬಿಳಿ ಗೆರೆ, ಕೆಳಗಿನದು ಅರ್ಧ. ಅದರ ಮೇಲಿನ ಪುಟ್ಟ ಮೊಗ್ಗುಗಳಿಗೂ ಹಾಗೆಯೇ. ಹೆದರಿಕೆಯಾಗಲಿಲ್ಲ. ಕೈ ತಾನಾಗಿ ಮುಗಿಯಿತು.

“ನಾನ್ ಹಚ್ಚಿದ್ದು ಒಂದೇ ಸಲ ಅಲ್ವೇನಪ್ಪಾ?” ಅಮ್ಮ ಪಿಸುಗುಟ್ಟಿದರು.

ಕಂಪ್ಯೂಟರಿನಲ್ಲಿ ಸಿರಿಯ ಹೋದ ವರ್ಷದ ಫೈಲನ್ನು ತೆರೆದು, ಯಾವ ಪ್ರಿಂಟರಿಗೂ ಎಟುಕದಷ್ಟು ಸಣ್ಣ ಮೊಗ್ಗಿನವರೆಗೆ ಇಳಿದೆ. ಅಲ್ಲೂ ಮೂರು ಗೆರೆಗಳಿದ್ದವು. ಕೆಳಗಿನದು ಅರ್ಧಕ್ಕೇ ನಿಂತಿತ್ತು.