ಬಣ್ಣ ಹಚ್ಚದ ಮೇಯರ್

ಕಿರೀಟದ ಪೆಟ್ಟಿಗೆ ಬಾಯಿ ತೆರೆದಿತ್ತು. ಒಳಗೆ ಹಳೆಯ ಸೀರೆಯ ತುಂಡು ಬಿಟ್ಟರೆ ಏನೂ ಇರಲಿಲ್ಲ.

ಬೀಜಾಡಿಯ ಸಭಾಭವನದ ಹಿಂದೆ, ವೇಷ ಕಟ್ಟುವ ಚೌಕಿಯಲ್ಲಿ ಒಂದೇ ಗಲಾಟೆ. ಹೊರಗೆ ಜನ ಆಗಲೇ ಬಂದು ಕೂತಾಗಿತ್ತು. ಎಸ್‌ಐ ರಂಜನಿ ಒಳಗೆ ಬಂದಳು.

"ಬೆಳ್ಳಿ ಹೊದಿಸಿದ್ ಕಿರೀಟ ಮೇಡಮ್, ಹರಕೆಯದ್ದ್," ಎಂದರು ಮೇಳದ ಯಜಮಾನ ವೈಕುಂಠ ಹಂದೆ.

ಹಂದೆಯವರು ನಿವೃತ್ತ ವಕೀಲರು. ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ವಕೀಲನೊಬ್ಬ ಮೇಯರ್ ಆದ ಕಥೆಗೆ ಯಕ್ಷಗಾನದ ವೇಷ ತೊಡಿಸಿದ ಪುಣ್ಯಾತ್ಮ ಇವರೇ. ನೀರಿನ ಕಂಪನಿಯ ಪರ ವಾದಿಸಿ ಗೆದ್ದವನು, ಮೇಯರ್ ಆದ ಮೇಲೆ ಅದೇ ಕಂಪನಿಯ ಹಿಡಿತದಿಂದ ಊರನ್ನು ಬಿಡಿಸುತ್ತಾನೆ. ಅಮೆರಿಕದ ಮೇಯರ್‌ಗೆ ಕಿರೀಟ ಯಾಕೆಂದು ಕೇಳಬೇಡಿ. ಯಕ್ಷಗಾನ ಅಂದ ಮೇಲೆ ಬೇಕೇ ಬೇಕು!

"ಯಾರ ಮೇಲೆ ಅನುಮಾನ?"

"ರತೀಶನ ಮೇಲೆ. ಮೇಯರ್ ವೇಷ ನಂಗೇ ಬೇಕ್ ಅಂತಿದ್ದ. ನಾ ತಂಗಿ ಮಗ ಶೈಲೇಶಂಗೆ ಕೊಟ್ಟೆ."

ರತೀಶನ ಚೀಲ ಸುರಿದರು. ಪೆಟ್ಟಿಗೆಯ ಕೀಲಿ ಠಣ್ ಎಂದು ಬಿತ್ತು.

"ಕಾಣಿ! ಇನ್ನ್ ಈ ಮೇಳದಲ್ಲಿ ಇವ್ನಿಗೆ ಜಾಗ ಇಲ್ಲ," ಹಂದೆ ಗುಡುಗಿದರು.

ನೀರಿನ ಕಂಪನಿಯ ಧಣಿಯ ಪಾತ್ರಕ್ಕೆ ಬಣ್ಣ ಹಚ್ಚಿ ಕೂತಿದ್ದ ರತೀಶನ ಕಣ್ಣು ತುಂಬಿತು. "ನಾ ಮುಟ್ಲಿಲ್ಲ ಮೇಡಮ್. ಕಳ್ಳ ಅಂಬ ಹೆಸ್ರ್ ಹೊತ್ತ್ಕಂಡ್ ಇನ್ನ್ ಯಾವ ಮೇಳಕ್ಕೆ ಹೋಪ್ದ್?"

ಕೀಲಿ ಇಷ್ಟು ಸುಲಭವಾಗಿ ಸಿಕ್ಕಿದ್ದು ರಂಜನಿಗೆ ಸರಿ ಕಾಣಲಿಲ್ಲ.

* * *

ಶೈಲೇಶ್ ಪ್ಯಾಂಟು ಶರ್ಟಿನಲ್ಲಿ ಮೂಲೆಯಲ್ಲಿ ನಿಂತಿದ್ದ.

"ಕಿರೀಟ ಇಲ್ಲ ಅಂತ ಮೊದಲು ಕಂಡದ್ದು ಯಾರು?"

"ನಾನೇ. ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಕಿರೀಟ ಇಡ್ಕ್ ಅಂತ ಪೆಟ್ಟಿಗೆ ಕಂಡೆ. ಬೀಗ ತೆಗ್ದಿತ್ತ್, ಒಳಗೆ ಖಾಲಿ!"

"ಮುಖದಲ್ಲಿ ಬಣ್ಣ ಎಲ್ಲಿದೆ?"

"ಒರ್ಸಿ ತೆಗ್ದೆ. ಆಟವೇ ಇಲ್ಲ ಅಂದ್ಮೇಲೆ ಬಣ್ಣ ಎಂತಕ್ಕೆ?"

ರಂಜನಿಯ ಅಪ್ಪ ಸ್ತ್ರೀವೇಷದವರು. ಆಟ ಮುಗಿದ ಮೇಲೆ ಅವರ ಮುಖಕ್ಕೆ ತೆಂಗಿನೆಣ್ಣೆ ತಿಕ್ಕಿ ಬಣ್ಣ ತೆಗೆಯುವುದು ಚಿಕ್ಕಂದಿನಲ್ಲಿ ಇವಳದೇ ಕೆಲಸ. ಅವಳು ಶೈಲೇಶನ ಕಿವಿಯ ಹಿಂದೆ ಬೆರಳಾಡಿಸಿದಳು. ಎಣ್ಣೆಯ ಪಸೆಯೇ ಇರಲಿಲ್ಲ.

"ಎಣ್ಣೆ ಇಲ್ಲದೆ ಈ ಬಣ್ಣ ಹೋಗುವುದಿಲ್ಲ. ನೀನು ಹಚ್ಚಲೇ ಇಲ್ಲ. ಕಿರೀಟ ಇಡುವುದು ಎಲ್ಲಕ್ಕಿಂತ ಕೊನೆಗೆ. ಬಣ್ಣವೇ ಹಚ್ಚದವನಿಗೆ ಆ ಪೆಟ್ಟಿಗೆಯಲ್ಲಿ ಎಂತ ಕೆಲಸ?"

ರಂಜನಿ ಚೌಕಿಯ ಸುತ್ತ ಕೈ ತೋರಿಸಿದಳು.

"ಇಲ್ಲಿ ಎಲ್ಲರೂ ಬಣ್ಣ ಹಚ್ಚಿದ್ದಾರೆ. ಇವತ್ತು ಆಟ ಇಲ್ಲ ಅಂತ ಗೊತ್ತಿದ್ದದ್ದು ನಿನಗೊಬ್ಬನಿಗೆ. ಕೀಲಿಯನ್ನು ರತೀಶನ ಚೀಲಕ್ಕೆ ಹಾಕಿದ್ದೂ ನೀನೇ. ಕಿರೀಟ ಎಲ್ಲಿ?"

"ನನ್ನ ಕಾರಲ್ಲಿ," ಎಂದ ಶೈಲೇಶ್. "ಯಕ್ಷಗಾನದಲ್ಲಿ ಮಾತ್ ಬರ್ದ್ ಕೊಡೂದಿಲ್ಲ, ಎಲ್ಲ ರಂಗದಲ್ಲೇ ಕಟ್ಟ್ಕ್ ಅಲ್ದಾ? 'ಅಂದು ನನ್ನ ಪರ ವಾದಿಸಿದವ, ಇಂದು ನನ್ನ ಮೇಲೇ ಯಾಕೆ ತಿರುಗಿಬಿದ್ದೆ' ಅಂತ ರತೀಶ ಅಭ್ಯಾಸದಲ್ಲಿ ಕೇಂಡ. ಬಾಯಿ ಕಟ್ಟಿಹೋಯ್ತ್. ಊರಿನ ಎದ್ರ್ ಹಾಂಗಾದ್ರೆ ಮರ್ಯಾದೆ ಹೋತ್ತಲ್ಲ ಅಂತ..."

ಹಂದೆಯವರ ಮುಖ ಸಪ್ಪಗಾಯಿತು. ತುಂಬಿದ ಚೌಕಿಯಲ್ಲಿ ಅವರು ರತೀಶನಿಗೆ ಕೈ ಮುಗಿದರು. "ತಪ್ಪಾಯ್ತ್ ರತೀಶ. ಮೇಯರ್ ನೀನೇ ಮಾಡ್. ಕಂಪನಿ ಧಣಿ ವೇಷ ನಾ ಮಾಡ್ತೆ."

ರತೀಶ್ ಶೈಲೇಶನ ಕಡೆ ತಿರುಗಿದ.

"'ಅಂದು ನಿನ್ನ ವಕೀಲ, ಇಂದು ಊರಿನ ವಕೀಲ' ಅಂದಿದ್ರೆ ಸಾಕಿತ್ತಲ್ಲ ಮಾರಾಯ. ಕಥೆಯಲ್ಲಿ ನಾ ಸೋಲೂಕೇ ಅಲ್ದಾ ಇದ್ದದ್ದ್?"

ಆಮೇಲೆ ಕನ್ನಡಿಯೆದುರು ಕೂತು, ಧಣಿಯ ಬಣ್ಣ ತೆಗೆಯಲು ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡ.