ಮರಳುವ ಗಾಡಿಗಳ ವೇಳಾಪಟ್ಟಿ

ಗತಶೋಧಕ ಯಂತ್ರ ಒಂಬತ್ತು ದಿನಗಳಿಂದ ಒಂದೇ ಯುದ್ಧವನ್ನು ಅಗೆಯುತ್ತಿತ್ತು. ಹಳೆಯ ತಂತಿ ಸಂದೇಶ, ಆದೇಶ, ರಸೀದಿ, ಸಿಕ್ಕಿದ್ದನ್ನೆಲ್ಲ ನುಂಗಿ, ಯಾವುದರಿಂದ ಯಾವುದು ಹುಟ್ಟಿತೆಂದು ಗೋಡೆಯ ತುಂಬ ಗೆರೆ ಎಳೆಯುವುದು ಅದರ ಕೆಲಸ. 1914ರಲ್ಲಿ ಒಂದು ಬೀದಿಯ ಗುಂಡೇಟಿನಿಂದ ಹೊರಟ ಗೆರೆ ಒಪ್ಪಂದಗಳ ಹಗ್ಗ ಹಿಡಿದು ಐದೇ ವಾರದಲ್ಲಿ ಯುರೋಪನ್ನು ಸುತ್ತಿತು. ಅಲ್ಲಿಂದ ಆಫ್ರಿಕ, ಇರಾಕಿನ ಬಸ್ರಾ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ದೊರೆಗಳ ಹಟಕ್ಕೆ ನಮ್ಮ ಹಳ್ಳಿಗಳವರೂ ಹೋಗಿ ಸತ್ತರು. ಮುಗಿದದ್ದಾದರೂ ಯಾರ ಜಾಣತನದಿಂದಲೂ ಅಲ್ಲ. ಊರುಗಳಲ್ಲಿ ಹಿಟ್ಟು ಮುಗಿಯಿತು, ನಾವಿಕರು ಹಡಗು ಬಿಡಲು ಒಲ್ಲೆವೆಂದರು, ಆಗ ಕದನವಿರಾಮಕ್ಕೆ ಸಹಿ ಬಿತ್ತು.

ಯಂತ್ರವನ್ನು ಕಟ್ಟಿದ ಡಾ. ಹರಿಣಾಕ್ಷಿ ಶೇಟ್ ಅವರಿಗೆ ಅಂದಿನ ಸೈನ್ಯದ ರೈಲು ವೇಳಾಪಟ್ಟಿಗಳು ಮಾತ್ರ ಅರ್ಥವಾಗಲಿಲ್ಲ. ಹಾಗಾಗಿ ಹುಬ್ಬಳ್ಳಿಯಲ್ಲಿ ಮೂವತ್ತನಾಲ್ಕು ವರ್ಷ ಗಾಡಿಗಳ ವೇಳೆ ಬರೆದು ನಿವೃತ್ತಳಾದ ಸಾವಂತ್ರೆವ್ವ ಬಡಿಗೇರಳನ್ನು ಕರೆಸಿದರು. ಸಾವಂತ್ರೆವ್ವ ಕೂಡಲೇ ಹೊರಟು ಬಂದಳು. ಅವಳ ಒಬ್ಬಳೇ ಮಗಳು ಗಿರಿಜಾ ಸೈನ್ಯದಲ್ಲಿದ್ದಳು, ಗಡಿಯಲ್ಲಿ ಹೊಗೆಯಾಡುತ್ತಿತ್ತು. ಹಳೆಯ ಯುದ್ಧದ ತಪ್ಪು ಸಿಕ್ಕರೆ ಹೊಸದು ತಪ್ಪೀತು ಎಂಬ ಆಸೆ ಅವಳದು.

ಮೂರನೆಯ ದಿನ ಅವಳ ಬೆರಳು ಒಂದು ಹಾಳೆಯ ಮೇಲೆ ನಿಂತಿತು.

“ಅಕ್ಕೋರ, ಇಲ್ಲಿ ನೋಡ್ರಿ. ಹೋಗೂ ಗಾಡಿ ನಿಮಿಷಕ್ಕ ನಿಮಿಷ ಬರದಾರ. ಹೊಳ್ಳಿ ಬರಾಕ ಒಂದೂ ಗಾಡಿ ಇಟ್ಟಿಲ್ಲ.”

“ಅದರಿಂದ ಏನಾಯಿತು ಅಮ್ಮ?”

“ನಡುದಾರ್ಯಾಗ ರಾಜಾ ‘ಬ್ಯಾಡ, ಹೊಳ್ಳಿ ಬರ್ರಿ’ ಅಂದ್ರ ಹ್ಯಾಂಗ ಬರಬೇಕ್ರಿ? ಹಿಂದಿಂದ ಗಾಡಿ ಮ್ಯಾಲ ಗಾಡಿ ಬರಾಕತ್ತಿರತಾವು. ಮನಸ್ಸಿದ್ರೂ ನಿಲ್ಲಸಾಕ ಆಗಿಲ್ಲ ಅವ್ರಿಗೆ.”

ಯಂತ್ರ ಲೆಕ್ಕ ಹಾಕಿ ಹೌದೆಂದಿತು. ಮರಳುವ ಗಾಡಿಗಳಿದ್ದಿದ್ದರೆ ಆ ಯುದ್ಧ ಏಳು ಕಡೆ ನಿಲ್ಲಬಹುದಿತ್ತು. ಹರಿಣಾಕ್ಷಿಯವರ ವರದಿ ದೇಶದೇಶಕ್ಕೆ ಹೋಯಿತು. ಮರಳುವ ವೇಳಾಪಟ್ಟಿಯಿಲ್ಲದೆ ಯಾವ ಸೈನ್ಯವೂ ಹೊರಡಬಾರದೆಂದು ಹನ್ನೆರಡು ರಾಷ್ಟ್ರಗಳು ಕಾನೂನು ಮಾಡಿದವು. ಖಾಲಿ ಗಾಡಿ ಓಡಿಸಬಾರದು ಎಂಬುದೂ ಸೇರಿ ರೈಲಿನ ನಿಯಮಗಳನ್ನೆಲ್ಲ ಸಾವಂತ್ರೆವ್ವನಿಂದ ಕಲಿತು, ಎಲ್ಲರ ಪಟ್ಟಿಯನ್ನೂ ಗತಶೋಧಕವೇ ಬರೆಯತೊಡಗಿತು. ಸಾವಂತ್ರೆವ್ವನಿಗೆ ಶಾಲು ಹೊದಿಸಿದರು. ಅವಳು ಓಣಿಗೆಲ್ಲ ಫೇಡೆ ಹಂಚಿದಳು.

ಆದರೆ ಹಿಂದೆ ಆಳುವವರಿಗೆ ಒಂದು ಅಳುಕಾದರೂ ಇತ್ತು. ಕಳಿಸಿದ ಸೈನ್ಯವನ್ನು ಕರೆಸಿಕೊಳ್ಳಲಾಗದು ಎಂದು ನಾಲ್ಕು ಸಲ ಯೋಚಿಸುತ್ತಿದ್ದರು. ಈಗ ಆ ಅಳುಕೂ ಹೋಯಿತು. ಮೀನಿನ ಬಲೆಗೆ ಜಗಳವಾದರೂ ಸೈನ್ಯ ಗಾಡಿ ಹತ್ತಿತು. ಬೇಕೆಂದಾಗ ಕರೆಸಿಕೊಂಡರಾಯಿತು ಎಂದರು. ಎರಡು ಸಲ ಕರೆಸಿಕೊಂಡು ಬೆನ್ನು ತಟ್ಟಿಕೊಂಡರು. ಮೂರನೆಯ ಸಲ ಗಡಿಯಲ್ಲಿ ಯಾರದೋ ಬಂದೂಕಿನಿಂದ ಗುಂಡು ಹಾರಿತು. ಒಪ್ಪಂದಗಳು ಮತ್ತೆ ಒಂದನ್ನೊಂದು ಎಳೆದವು. ಈ ಬಾರಿ ಐದು ವಾರ ಬೇಕಾಗಲಿಲ್ಲ, ಹನ್ನೊಂದು ದಿನ ಸಾಕಾಯಿತು.

ಗಿರಿಜಾಳ ದಳ ಹೊರಟ ಮರುದಿನ ಸಾವಂತ್ರೆವ್ವ ಪ್ರಯೋಗಾಲಯಕ್ಕೆ ಬಂದು ಆ ದಳದ ಪಟ್ಟಿ ಕೇಳಿ ತೆಗೆಸಿದಳು. ಹೋಗುವ ಗಾಡಿ ನಲವತ್ತು. ಬರುವ ಗಾಡಿ ಹದಿನಾಲ್ಕು.

“ತಪ್ಪಾಗೇತ್ರಿ ಅಕ್ಕೋರ. ಉಳದ ಇಪ್ಪತ್ತಾರು ಎಲ್ಲಿ?”

ಹರಿಣಾಕ್ಷಿ ತಲೆಯೆತ್ತಲಿಲ್ಲ. “ತಪ್ಪಲ್ಲ ಅಮ್ಮ. ಹಿಂದಿನೆರಡು ಸಲ ಗುಂಡು ಹಾರಿರಲಿಲ್ಲ, ಎಲ್ಲರಿಗೂ ಗಾಡಿ ಇತ್ತು; ಈಗ ಯುದ್ಧ ಹತ್ತಿದೆ. ಖಾಲಿ ಗಾಡಿ ಓಡಿಸಬಾರದೆಂದು ಯಂತ್ರಕ್ಕೆ ನೀವೇ ಕಲಿಸಿದಿರಿ. 1914ರ ಯುದ್ಧದಲ್ಲಿ ಮುಂಚೂಣಿಯ ಇಂಥ ದಳಗಳಿಂದ ಎಷ್ಟು ಜನ ಮರಳಿದರೆಂದು ಅದಕ್ಕೆ ಗೊತ್ತು. ಅಷ್ಟೇ ಗಾಡಿ ಹಾಕಿದೆ.”

“ಆ ಹದಿನಾಲ್ಕರಾಗ ನನ್ನ ಗಿರಿಜಾ ಅದಾಳಿಲ್ರಿ?”

“ಅದಕ್ಕೆ ಹೆಸರು ಗೊತ್ತಿಲ್ಲ ಅಮ್ಮ.”

ಸಾವಂತ್ರೆವ್ವ ಕುರ್ಚಿ ಎಳೆದುಕೊಂಡಳು. ಯಂತ್ರದ ಮುಂದೆ ಕುಳಿತು ಇಪ್ಪತ್ತಾರು ಗಾಡಿಗಳಿಗೂ ಒಂದೊಂದಾಗಿ ವೇಳೆ ಬರೆದಳು. “ಖಾಲೀನ ಬಂದ್ರೂ ಬರ್ಲಿ, ಗಾಡಿ ಇರ್ಲಿ,” ಎಂದಳು.

ಯಂತ್ರ ಅವನ್ನು ಓದಿ, ‘ಪ್ರಯಾಣಿಕರಿಲ್ಲ’ ಎಂದು ತೋರಿಸಿ, ಒಂದೊಂದಾಗಿ ಅಳಿಸಿಹಾಕಿತು.