ಹೂಂ ಅನ್ನದ ಊರು

"ನಮ್ಮೂರಾಗ ಕತಿಗೆ ಹೂಂ ಅನ್ನೂದಿಲ್ಲ ತಂಗಿ. ಚಿಟಿಕಿ ಹೊಡಿತೇವಿ."

ಹುಚ್ಚವ್ವ ಒಣಗಿದ ಬೆರಳಿಂದ ಟಕ್ಕೆಂದು ಚಿಟಿಕೆ ಹೊಡೆದು ತೋರಿಸಿದಳು. ಎಂಬತ್ತು ದಾಟಿದ ಮುದುಕಿ. ಮಾತಾಡುವಾಗಲೂ ಅವಳ ಒಂದು ಕಣ್ಣು ಹಿತ್ತಲಾಚೆಯ ಹಾಳು ವಾಡೆಯ ಮೇಲೇ ಇತ್ತು. "ಕತಿ ಕೇಳಿದಿ, ಬರಕೊಂಡಿ, ಇನ್ನ ಹೋಗು. ಹಗೇವಿನ ಬಾಯಾಗ ಕುಂತು ಹೇಳಬ್ಯಾಡ. ಮುಚ್ಚಳಗಲ್ಲಿನ ಮೊಳಿ ಮುಟ್ಟಬ್ಯಾಡ. ಒಳಗಿಂದ ಹೂಂ ಬಂತಂದ್ರ ನಾಲಿಗಿ ನಿಂದಲ್ಲ, ಆಕೀದು."

"ಹೂಂ ಅನ್ನೋರು ಸಿಕ್ಕರ ಚೊಲೋನ ಆತಲ್ಲ ಆಯಿ," ಯಶೋಧಾ ನಕ್ಕಳು. "ನನ್ನ ಕ್ಲಾಸಿನ್ಯಾಗ ಅರವತ್ತು ಹುಡುಗ್ರು ಅದಾರ. ಒಬ್ಬರೂ ಹೂಂ ಅನ್ನೂದಿಲ್ಲ."

ಟಂಟಂ ಓಡಿಸುವ ನಬಿಲಾಲನೂ ನಕ್ಕ. ಮುದುಕಿ ನಗದಿದ್ದುದನ್ನು ಕಂಡು ಬಾಯಿ ಮುಚ್ಚಿಕೊಂಡ.

ಯಶೋಧಾ ಧಾರವಾಡದಿಂದ ಬಾಗೇವಾಡಿಯ ಕಾಲೇಜಿಗೆ ಇತಿಹಾಸ ಕಲಿಸಲು ಬಂದು ಆರು ತಿಂಗಳಾಗಿತ್ತು. ಪುಸ್ತಕದಲ್ಲಿಲ್ಲದ ಕತೆಗಳನ್ನು ಫೋನಿನಲ್ಲಿ ದನಿ ತುಂಬಿಸಿ ಜನಕ್ಕೆ ಕೇಳಿಸುವ ಹುಚ್ಚು ಅವಳಿಗೆ. ಇಂಡಿಯ ಲಿಂಬೆ ತೋಟದೊಳಗಿನ ತಲೆಯಿಲ್ಲದ ವೀರಗಲ್ಲು ಆಯಿತು. ಸಿಂದಗಿ ಕಡೆಯ ಏಳು ಸೊಸೆಯರ ಬಾವಿ ಆಯಿತು. ಮುದ್ದೇಬಿಹಾಳದ ಹೊಲದಲ್ಲಿ ಹೂತ ಫಿರಂಗಿಯೂ ಆಯಿತು. ನಾಲ್ಕನೆಯದು ಮುಳವಾಡದ ಆಚೆಗಿನ ಈ ಊರಿನ ಹೊನ್ನವ್ವನ ಕತೆ.

ದಂಡು ಬಂದ ವರ್ಷ ವಾಡೆಯ ದೇಸಾಯಿ ಜೋಳವನ್ನೆಲ್ಲ ಹಗೇವಿನಲ್ಲಿ, ಅಂದರೆ ನೆಲದೊಳಗೆ ಗಡಿಗೆಯಂತೆ ತೋಡಿದ ಕಾಳಿನ ಗುಳಿಯಲ್ಲಿ, ಅಡಗಿಸಿದ. ಅದರ ಬಾಯಿ ಎಲ್ಲಿದೆಯೆಂದು ಗೊತ್ತಿದ್ದದ್ದು ಕಾಳು ತುಂಬಿದ ಆಳು ಹೊನ್ನವ್ವ ಒಬ್ಬಳಿಗೆ. ದಂಡಿನವರು ಬಡಿದರೆ ಹೇಳಿಬಿಟ್ಟಾಳೆಂದು ಕುಡುಗೋಲಿನಿಂದ ಅವಳ ನಾಲಿಗೆ ಕೊಯ್ದು, ಜೀವಂತ ಒಳಗಿಳಿಸಿ, ಮೇಲೆ ಕಲ್ಲು ಮುಚ್ಚಿದರು. ನಾಲಿಗೆಯಿಲ್ಲದ ಬಾಯಿಗೆ ಬರುವುದು ಒಂದೇ ಮಾತು. ಮೂರು ದಿನ ನೆಲದಡಿಯಿಂದ ಹೂಂ, ಹೂಂ ಎಂದು ಕೇಳಿತಂತೆ. ಸತ್ತ ಮೇಲೂ ಆಕೆ ಬಾಯಿಬಿಡಬಾರದೆಂದು ದೇಸಾಯಿ ಮಾಟಗಾರನನ್ನು ಕರೆಸಿದ. ಆತ ಕೊಯ್ದ ನಾಲಿಗೆಗೆ ಅವಳದೇ ಕೂದಲು ಸುತ್ತಿ, ಮುಚ್ಚಳಗಲ್ಲಿನ ತೂತಿಗೆ ತಾಮ್ರದ ಮೊಳೆಯಿಂದ ಬಡಿದ.

ಮಟಮಟ ಮಧ್ಯಾಹ್ನ. ಹುಚ್ಚವ್ವ ಗುಳಿಗೆಗೆಂದು ಆಸ್ಪತ್ರೆಗೆ ಹೋಗುವುದನ್ನು ಕಾದು ಇಬ್ಬರೂ ವಾಡೆ ಹೊಕ್ಕರು. ನಬಿಲಾಲ ಹಾರೆಯಿಂದ ಮೀಟಿ ಕಲ್ಲು ಮಗುಚಿದ. ನೂರಾರು ವರ್ಷ ಕಟ್ಟಿಹಾಕಿದ್ದ ಗಾಳಿ ಭುಸ್ಸೆಂದಿತು. ಮುಗ್ಗಲು ಜೋಳದ ವಾಸನೆ. ಅದರಡಿಯಲ್ಲಿ ಇನ್ನೊಂದು ವಾಸನೆ, ಹಳೆಯ ರಕ್ತ ಕಂಡ ಕಬ್ಬಿಣದ್ದು.

ಹಗೇವು ತೆಗೆದವರು ಮೊದಲು ಹೊತ್ತಿಸಿದ ಕಂದೀಲು ಇಳಿಬಿಟ್ಟು ನೋಡುತ್ತಾರೆ. ಆರಿದರೆ ಒಳಗೆ ಉಸಿರಿಲ್ಲ. ಇದು ಆರಲಿಲ್ಲ. ಅಲುಗಾಡಲೂ ಇಲ್ಲ.

"ಗಾಳಿ ಐತ್ರಿ. ಆದ್ರೂ ಬ್ಯಾಡ್ರಿ ಅಕ್ಕೋರ. ಮ್ಯಾಲ ಕುಂತ ಹೇಳ್ರಿ."

"ಒಳಗ ದನಿ ಗುಂಯ್ ಅಂತೈತಿ. ಕೇಳೋರ ಮೈ ಜುಮ್ ಅನ್ನಬೇಕೋ." ಯಶೋಧಾ ಕಲ್ಲಿನ ಅಡಿಯನ್ನು ನೋಡಿದಳು. ಮೊಳೆಯ ತುದಿಗೆ ಕಪ್ಪಗೆ ಮುರುಟಿದ ಚೂರು. "ಇದಾ ನಾಲಿಗಿ? ಹಳೇ ಚಪ್ಪಲಿ ತೊಗಲಿದು."

ಕಿತ್ತಳು. ಮೊಳೆ ಎಡ ಹೆಬ್ಬೆರಳಿಗೆ ಚುಚ್ಚಿ ರಕ್ತ ಚಿಮ್ಮಿತು. ಯೋಚಿಸದೆ ಬೆರಳನ್ನು ಬಾಯಿಗಿಟ್ಟು ಚೀಪಿದಳು. ನಾಲಿಗೆಗೆ ಮುಗ್ಗಲು ಜೋಳದ ರುಚಿ ಹತ್ತಿತು.

ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಳಿದಳು. ಹಗೇವಿನ ಕೊರಳು ಸಣ್ಣದು, ಹೊಟ್ಟೆ ದೊಡ್ಡದು. ಮೇಲೆ ಬಿಸಿಲು ಒಂದು ರೊಟ್ಟಿಯಷ್ಟಾಯಿತು. ಕಾಲಡಿಯಲ್ಲಿ ಬೂದಿಯಾದ ಕಾಳು ಪಾದ ನುಂಗಿತು. ಫೋನು ಹಚ್ಚಿ ಶುರುಮಾಡಿದಳು.

"ದಂಡು ಬಂದ ವರ್ಷವದು."

"ಹೂಂ."

"ದೇಸಾಯಿಯ ಎದೆಯಲ್ಲಿ ದಂಡಿಗಿಂತ ದೊಡ್ಡ ಭಯ."

"ಹೂಂ."

ಯಶೋಧಾ ತಲೆಯೆತ್ತಿದಳು. "ಭಾಳ ಚೊಲೋ ಹೂಂ ಅಂತಿ ನೋಡಪಾ ನಬಿಲಾಲ."

ಮೇಲಿನಿಂದ ದನಿ ಬಂತು. "ನಾ ಎಲ್ಲಿ ಅಂದೇನ್ರಿ ಅಕ್ಕೋರ? ನಾ ಚಿಟಿಕಿ ಹೊಡಿಯಾಕತ್ತೇನಿ."

ಕೇಳಿದಳು. ಹೌದು. ಟಕ್, ಟಕ್, ಮೇಲೆ.

ಹೂಂ, ಬೆನ್ನ ಹಿಂದೆ.

ಕಂದೀಲು ಆರಿತು. ಎಳೆಯೋ ಎಂದು ಕೂಗಬೇಕೆಂದುಕೊಂಡಳು. ಬಾಯಿ ತೆರೆಯಿತು, ಬಂದದ್ದು ಕತೆ. "ಹೊನ್ನವ್ವನನ್ನು ಕಂಬಕ್ಕೆ ಬಿಗಿದರು." ನಿಲ್ಲಿಸಲು ಹಲ್ಲು ಕಚ್ಚಿದಳು. ನಾಲಿಗೆ ಹಲ್ಲು ಸರಿಸಿತು. "ದವಡೆಗೆ ಒನಕೆ ತುರುಕಿದರು." ಹೂಂ. ಕತ್ತಿಗೆ ಬಿಸಿಯುಸಿರು. ಹೂಂ. ಬೂದಿಯೊಳಗಿಂದ ಕೈ. ಎರಡಲ್ಲ, ಎಷ್ಟೋ. ಕೂದಲು ಹಿಡಿದು ತಲೆ ಹಿಂದಕ್ಕೆ ಜಗ್ಗಿದವು. ಬಾಯಿಯ ಎರಡೂ ಅಂಚಿಗೆ ಉಗುರು ಸಿಕ್ಕಿಸಿ ಅಗಲಿಸಿದವು. ತುಟಿ ಹರಿಯಿತು. ದವಡೆ ಲಟಕ್ಕೆಂದಿತು. ಕತೆ ನಿಲ್ಲಲಿಲ್ಲ. ಮುಂದಿನ ಮಾತು ಅವಳಿಗೆ ಗೊತ್ತಿತ್ತು. ಬೇಡ. ಅದೊಂದು ಬೇಡ. ನಾಲಿಗೆ ತಾನಾಗಿ ಹೇಳಿತು.

"ಆಮೇಲೆ ಕೊಯ್ದರು."

ನಬಿಲಾಲ ಎಳೆದುಹಾಕಿದಾಗ ಯಶೋಧಾಳ ಎದೆಯೆಲ್ಲ ಕೆಂಪು. ಬಾಯೊಳಗೆ ಬುಡಸಹಿತ ಏನೂ ಇರಲಿಲ್ಲ. ಕುಡುಗೋಲು ಆಡಿಸಿದಷ್ಟು ನುಣುಪು.

ವಿಜಯಪುರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಹನ್ನೊಂದನೆಯ ದಿನ ನಬಿಲಾಲ ಬಂದ. ಮುಖ ಇಳಿದಿತ್ತು. ಮಂಚದ ಪಕ್ಕ ಕುಳಿತು ತನ್ನ ಕೈ ತಾನೇ ಹಿಸುಕಿಕೊಂಡ.

"ನಂದ ತಪ್ಪು ಐತ್ರಿ ಅಕ್ಕೋರ. ಹೇಳಲಿಲ್ಲಂದ್ರ ನನಗ ನಿದ್ದಿ ಹತ್ತೂದಿಲ್ಲ. ಆವತ್ತ ನಿಮ್ಮನ್ನ ಮ್ಯಾಲ ತಗದ ಮ್ಯಾಲ ಏನಾತಂದ್ರ..."

ಯಶೋಧಾ ದಿಂಬಿನಿಂದ ತಲೆಯೆತ್ತಿದಳು. ಕತೆ. ಇವನು ಕತೆ ಹೇಳುತ್ತಿದ್ದಾನೆ. ಗಂಟಲಲ್ಲಿ ಏನೋ ಮೇಲೇರತೊಡಗಿತು. ತುಟಿಯ ಹೊಲಿಗೆ ಬಿಗಿದು ತಡೆದಳು. ಹೋಗೋ, ನಿಲ್ಲಿಸೋ ಎಂದು ಕಣ್ಣಿನಲ್ಲಿ ಬೇಡಿದಳು. ನೋವಿಗೆ ಅಳುತ್ತಿದ್ದಾಳೆಂದು ತಿಳಿದು ಅವನೂ ಕಣ್ಣೊರೆಸಿಕೊಂಡ.

"ಆಯಿ ಬಂದ್ಲು. ಕಲ್ಲ ಮುಚ್ಚಾಕ ಮೊಳಿ ಬೇಕಂದ್ಲು. ಮೊಳಿಗೆ ನಾಲಿಗಿ ಬೇಕಂದ್ಲು. ನಿಮ್ಮದು ಅಲ್ಲೇ ಹಗೇವಿನ ದಂಡ್ಯಾಗ ಬಿದ್ದಿತ್ರಿ, ಇನ್ನೂ ಬಿಸಿ ಇತ್ತು. ನಾನ ಬಡಿದ್ನಿ ಅಕ್ಕೋರ. ಈಗ ದಿನಾ ಮಧ್ಯಾಹ್ನ ಕಲ್ಲಿನ ಕೆಳಗ ನಿಮ್ಮ ದನಿ ಕತಿ ಹೇಳತೈತಿ."

ಚಿಟಿಕೆ. ಚಿಟಿಕೆ ಹೊಡೆದರೆ ಸಾಕು. ಬಲಗೈ ಸಲೈನಿನ ಸೂಜಿಗೆ ಕಟ್ಟಿತ್ತು. ಎಡಗೈ ಎತ್ತಿ ಹೆಬ್ಬೆರಳನ್ನು ನಡುಬೆರಳಿಗೆ ಉಜ್ಜಿದಳು. ಮೊಳೆ ಚುಚ್ಚಿದ ಬೆರಳು ಬಾತಿತ್ತು. ಸದ್ದಾಗಲಿಲ್ಲ. ಮತ್ತೆ ಉಜ್ಜಿದಳು. ಸದ್ದಾಗಲಿಲ್ಲ.

ಹೊಲಿಗೆ ಒಂದೊಂದೇ ಕಿತ್ತುಬಂತು.

"ಹೂಂ."

ನಬಿಲಾಲ ಬೆಚ್ಚಿ ಎದ್ದುನಿಂತ. ಅವನ ನಾಲಿಗೆ ನಿಲ್ಲಲಿಲ್ಲ. ತನ್ನ ಬಾಯಿ ಮುಚ್ಚಲು ಎರಡೂ ಕೈ ಒತ್ತಿಕೊಂಡ. ಬೆರಳುಗಳ ಸಂದಿನಿಂದ ಮಾತು ಸೋರುತ್ತಲೇ ಇತ್ತು, ಮಾತಿನ ಹಿಂದೆ ರಕ್ತ.